ಬಾಯಿಬೀಗದ ಊಟ

ನಾವು ಮೂವರು ಗೆಳತಿಯರು ವರ್ಷಕ್ಕೊಮ್ಮೆ ಊರು ಬಿಟ್ಟು ಹೊರಡುತ್ತೇವೆ. ಗಂಡಂದಿರಿಲ್ಲ, ಮಕ್ಕಳಿಲ್ಲ, ಅತ್ತೆಯಂದಿರಂತೂ ಇಲ್ಲವೇ ಇಲ್ಲ. ಹೋದ ಊರಿನಲ್ಲಿ ಒಂದು ಮ್ಯೂಸಿಯಮ್ಮನ್ನೋ ಹಳೆಯ ಗುಡಿಯನ್ನೋ ನೋಡಬೇಕು; ಇದು ನನ್ನ ಕರಾರು, ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಕಣ್ಣೆದುರಿಗೆ ಯಾರಾದರೂ ಹಾಡಬೇಕು, ಇಲ್ಲವೇ ಬಾರಿಸಬೇಕು. ಇದು ಬಿಕ್ಕೋಡಿನವಳ ಕರಾರು. ಅವಳಿಗೆ ಮೊಬೈಲಿನ ಹಾಡು ಕಂಡರಾಗದು. ಆ ಊರಿನ ಊಟವನ್ನು ಆ ಊರಿನವರು ಉಣ್ಣುವ ಹಾಗೆಯೇ ಉಣ್ಣಬೇಕು. ಇದು ಬ್ಯಾಂಕಿನಲ್ಲಿ ಕೆಲಸ ಮಾಡುವವಳದು. ಬ್ಯಾಂಕಿನವಳು ಊಟದ ವಿಷಯದಲ್ಲಿ ದೇವರನ್ನೂ ಕಾಯಿಸುತ್ತಾಳೆ. ನನಗೋ ಕೋಪ ಮೂಗಿನ ತುದಿಯಲ್ಲಿ. ನಮ್ಮಿಬ್ಬರ ನಡುವೆ, ತಾನು ಬರಲಾಗದ ವರ್ಷವೂ ಫೋನಿನಲ್ಲೇ, ಬಿಕ್ಕೋಡಿನವಳು ರಾಜಿ ಮಾಡಿಸದಿದ್ದರೆ ಈ ಪ್ರವಾಸಗಳು ಯಾವತ್ತೋ ನಿಂತುಹೋಗುತ್ತಿದ್ದವು.

ಕಳೆದ ಸಲ ಊರು ಆರಿಸುವ ಸರದಿ ಅವಳದು. ಅರಸೀಕೆರೆ, ಹಳೇಬೀಡು, ಬೇಲೂರು ಎಂದಳು. ನಮಗೆ ಆಶ್ಚರ್ಯವಾಯಿತು. ಅವಳು ಹುಟ್ಟಿದ್ದು ಬೇಲೂರಿನ ಪಕ್ಕದ ಬಿಕ್ಕೋಡಿನಲ್ಲಿ, ಕೊಟ್ಟಿದ್ದು ಹಾರನಹಳ್ಳಿಯ ಹತ್ತಿರದ ಒಂದು ಹಳ್ಳಿಗೆ, ತೆಂಗಿನ ತೋಟದವರ ಮನೆಗೆ. ಆ ಮನೆಯನ್ನು ಬಿಟ್ಟು ಕೆಲವು ತಿಂಗಳಿಂದ ತುಮಕೂರಿನಲ್ಲಿ ಅಕ್ಕನ ಜೊತೆ ಇದ್ದಳು. ಯಾಕೆ ಬಿಟ್ಟೆ ಎಂದರೆ ‘ಸರಿಹೋಗಲಿಲ್ಲ’ ಎನ್ನುತ್ತಿದ್ದಳೇ ಹೊರತು ಮುಂದಕ್ಕೆ ಹೇಳುತ್ತಿರಲಿಲ್ಲ.

“ಬಿಟ್ಟು ಬಂದ ಊರಿಗೇ ಟೂರ್ ಹೋಗೋರನ್ನ ಎಲ್ಲಾದ್ರೂ ನೋಡಿದೀಯೇನೇ?” ಎಂದಳು ಬ್ಯಾಂಕಿನವಳು.

“ನೀನು ಊಟ ನೋಡ್ಕೋ, ಊರು ನಾನು ನೋಡ್ಕೋತೀನಿ,” ಎಂದಳು ಅವಳು.

ಬೆಳಗಿನ ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿದೆವು. ಶಿವಾಲಯದ ಮುಂದಿನ ದುಂಡು ಮಂಟಪದಲ್ಲಿ ಕೂತು ನಾನೊಂದು ಚಿತ್ರ ಬರೆದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ದೋಸೆಗೆ ಕೊಟ್ಟ ಕಾಯಿಚಟ್ನಿಯನ್ನು ಬ್ಯಾಂಕಿನವಳು ಬರೀ ಬಾಯಲ್ಲೇ ತಿಂದು ಮತ್ತೆ ಹಾಕಿಸಿಕೊಂಡಳು. ಅಲ್ಲಿಂದ ಹಳೇಬೀಡಿಗೆ ಬಸ್ಸು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಹಳೇಬೀಡಿನ ಗೋಡೆಯ ಮುಂದೆ ನಿಂತವರೆಲ್ಲ ‘ಎಷ್ಟು ನಾಜೂಕು, ಬೆಣ್ಣೆಯಲ್ಲಿ ಕೊರೆದಂತಿದೆ’ ಎನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಗೋಡೆಯ ತುಂಬ ಇರುವುದು ಹೊಡೆದಾಟ. ಸೈನಿಕನ ಎದೆಗೆ ಈಟಿ ನಾಟಿದೆ, ಕುದುರೆಯ ಕಾಲಡಿಗೆ ಒಬ್ಬ ಸಿಕ್ಕಿದ್ದಾನೆ. ಶಿವ ಆನೆಯ ಚರ್ಮವನ್ನು ಸುಲಿದು ಸುತ್ತ ಎತ್ತಿ ಹಿಡಿದು, ಅದರ ತಲೆಯನ್ನೇ ಮೆಟ್ಟಿ ಕುಣಿಯುತ್ತಾನೆ. ನರಸಿಂಹ ತೊಡೆಯ ಮೇಲೆ ಮಲಗಿಸಿಕೊಂಡವನ ಹೊಟ್ಟೆ ಬಗೆದು ಕರುಳನ್ನು ಎಳೆಯುತ್ತಾನೆ. ಜನ ಬಂದು ಅವನ ಬಳೆಯ ಕೆತ್ತನೆಯನ್ನು ಹೊಗಳುತ್ತಾರೆ. ನಾನು ಶಾಲೆಯ ಮಕ್ಕಳಿಗೆ ಹೇಳುವುದು ಒಂದೇ: ಮೊದಲು ಆ ಕೈ ಏನು ಮಾಡುತ್ತಿದೆ ಎಂದು ನೋಡಿ, ಬಳೆ ಆಮೇಲೆ.

ಗುಡಿಯ ಪಕ್ಕದ ಮ್ಯೂಸಿಯಮ್ಮಿನಲ್ಲಿ ಸುತ್ತಮುತ್ತಲ ಹಾಳುಗುಡಿಗಳಿಂದ ತಂದ ವಿಗ್ರಹಗಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಒಂದಕ್ಕೆ ಮೂಗಿಲ್ಲ, ಒಂದಕ್ಕೆ ಮೊಣಕೈಯಿಂದ ಕೆಳಗೆ ಇಲ್ಲ. ನನಗೆ ಗುಡಿಗಿಂತ ಈ ಅಂಗಳವೇ ಇಷ್ಟ. ಇಲ್ಲಿ ಯಾರೂ ನಾಜೂಕು ಎನ್ನುವುದಿಲ್ಲ, ಬೇಗ ನೋಡಿ ಹೊರಟುಹೋಗುತ್ತಾರೆ. ಹುಲ್ಲಿನ ಮೇಲೆ ಕೂತು ಸೌತೆಕಾಯಿ ತಿನ್ನುತ್ತಿದ್ದಾಗ ಬ್ಯಾಂಕಿನವಳು ಎಂದಿನಂತೆ ಕೇಳಿದಳು:

“ನಾಳೆ ಮಧ್ಯಾಹ್ನದ ಊಟ ಎಲ್ಲಿ?”

“ನಾಳೆ ಬಾಯಿಬೀಗದ ಊಟ. ನಮ್ಮ ಯಜಮಾನರ ಊರಲ್ಲಿ.”

ಬಾಯಿಬೀಗ ನೋಡದವರಿಗೆ ಒಂದು ಮಾತು. ಹರಕೆ ಹೊತ್ತವನು ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯಲ್ಲಿ ಊರಮ್ಮನ ಮುಂದೆ ನಿಲ್ಲುತ್ತಾನೆ. ಪೂಜಾರಿ ಅವನ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಳು ಚುಚ್ಚುತ್ತಾನೆ. ತಮಟೆಯ ಜೊತೆ ಊರು ಸುತ್ತಿ ಬಂದು ಅದನ್ನು ತೆಗೆಸುವವರೆಗೆ ಅವನಿಗೆ ಮಾತಿಲ್ಲ. ಆಮೇಲೆ ನೆಂಟರಿಷ್ಟರಿಗೆಲ್ಲ ಬಾಡೂಟ.

“ಯಾರಿಗೆ ಬಾಯಿಬೀಗ?” ಎಂದೆ.

“ಅವರಿಗೇ. ನಾನು ವಾಪಸು ಬಂದರೆ ಬಾಯಿಬೀಗ ಹಾಕಿಸ್ಕೋತೀನಿ ಅಂತ ಅಮ್ಮನಿಗೆ ಹೇಳ್ಕೊಂಡಿದ್ರಂತೆ. ನಾನು ಬರೋಕೆ ಮುಂಚೆನೇ ದಿನ ಗೊತ್ತು ಮಾಡಿಬಿಟ್ಟವ್ರೆ.” ಸೌತೆಕಾಯಿಯ ತಿರುಳನ್ನು ಬೆರಳಿನಿಂದ ಬಿಡಿಸುತ್ತ ಹೇಳಿದಳು. “ಹೋದ ವರ್ಷ ನನ್ನ ದವಡೆ ಮುರಿದಿದ್ದು ಮೆಟ್ಟಿಲಿಂದ ಬಿದ್ದಲ್ಲ ಕಣ್ರೇ. ಅವರು ಹೊಡೆದಿದ್ದು. ಒಂದೇ ಸಲ. ಕುಡಿದಿದ್ರು.”

ಅವಳ ದವಡೆಗೆ ತಂತಿ ಕಟ್ಟಿದ್ದಾಗ ನಾನೇ ಹಣ್ಣಿನ ರಸ ತೆಗೆದುಕೊಂಡು ಹೋಗಿದ್ದೆ, ಮೆಟ್ಟಿಲಿಗೆ ಬೈದು ಬಂದಿದ್ದೆ. ಈಗ ಬೈಯಬೇಕಾದವನು ಕೈಗೆ ಸಿಗದೆ, ತಿನ್ನುತ್ತಿದ್ದುದನ್ನು ದೂರಕ್ಕೆ ಎಸೆದೆ. ಅದು ಕಾವಲಿನವನ ಹತ್ತಿರ ಹೋಗಿ ಬಿತ್ತು, ಅವನು ಬಂದು ಬೈದು ಅದನ್ನು ಎತ್ತಿಸಿದ.

ನಾವು ಯಾಕೆ ಬೇಕಾಗಿತ್ತೆಂದು ಅವಳೇ ಹೇಳಿದಳು. ಅಪ್ಪ ಇಲ್ಲ. ಅಣ್ಣ ಭಾವನ ಕಡೆ ಸೇರಿಕೊಂಡಿದ್ದಾನೆ. ಅಕ್ಕ ಹೆದರಿ ಬರಲಿಲ್ಲ. “ನಾಳೆ ನೀವೇ ನನ್ನ ಕಡೆಯೋರು. ಒಂದು ಮಾತು ನೆನಪಿಟ್ಕೊಳ್ಳಿ. ಆ ಕಡೆ ಏನು ಅಂದ್ರೆ, ಮುನಿಸಿಕೊಂಡು ಹೋದೋಳ ಕಡೆಯೋರು ಆ ಮನೆ ಅಡುಗೆ ಬಾಯಿಗೆ ಇಟ್ರೆ ರಾಜಿ ಆದಂಗೆ. ಆಮೇಲೆ ನ್ಯಾಯ ಇಲ್ಲ, ಪಂಚಾಯ್ತಿ ಇಲ್ಲ. ನಾನು ಹೇಳೋವರೆಗೂ ಒಂದು ಅಗುಳೂ ಮುಟ್ಟಬೇಡಿ.”

ಬ್ಯಾಂಕಿನವಳು ತಲೆಯ ಮೇಲೆ ಕೈಯಿಟ್ಟುಕೊಂಡು ಆಣೆ ಮಾಡಿದಳು.

ಆ ಸಂಜೆ ಬೇಲೂರಿನಲ್ಲಿ ದೇವರ ಮುಂದೆ ಡೋಲು, ನಾಗಸ್ವರ. ಬಿಕ್ಕೋಡಿನವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನುಡಿಸುವವನ ಕೆನ್ನೆ ಉಬ್ಬಿ ಇಳಿಯುವುದನ್ನು ನೋಡುತ್ತ ನನಗೆ ಬರೀ ಸರಳೇ ಕಾಣುತ್ತಿತ್ತು. ಇಷ್ಟು ಒಳ್ಳೆಯ ವಾದ್ಯವನ್ನು ನೆಮ್ಮದಿಯಾಗಿ ಕೇಳಲು ಬಿಡದ ಆ ಮನುಷ್ಯನ ಮೇಲೆ ಸಿಟ್ಟು ಇನ್ನಷ್ಟು ಏರಿತು.

ಹೋಟೆಲಿನಲ್ಲಿ ಸೆಟ್ ದೋಸೆ ಬರುವ ಮೊದಲೇ ಜಗಳ ಶುರುವಾಯಿತು.

“ಕೆನ್ನೆಗೆ ಸರಳು ಚುಚ್ಚಿಸ್ಕೊಳ್ಳೋದು ಅಂದ್ರೆ ಹುಡುಗಾಟನಾ?” ಎಂದಳು ಬ್ಯಾಂಕಿನವಳು. “ಊರೆಲ್ಲ ನೋಡೋ ಹಂಗೆ ಅಷ್ಟು ನೋವು ತಿಂತೀನಿ ಅಂತ ಒಬ್ಬ ಗಂಡಸು ನಿಂತ್ರೆ ನಂಬಬೇಕು ಕಣೇ. ಒಂದು ಸಲ ಮಾಡಿದ ತಪ್ಪು.”

“ಅವನ ಕೆನ್ನೆ ಅವನದು, ಏನಾದರೂ ಚುಚ್ಚಿಸಿಕೊಳ್ಳಲಿ. ಇವಳ ದವಡೆ ಯಾರಪ್ಪನ ಮನೇದು?” ಎಂದು ನಾನು ಲೋಟ ಕುಕ್ಕಿದ ರಭಸಕ್ಕೆ ಬಿಸಿ ಕಾಫಿ ಹಾರಿ ಬ್ಯಾಂಕಿನವಳ ಕೈಮೇಲೆ ಬಿತ್ತು. ಅವಳು ಕಿರುಚಿದಳು. ಪಕ್ಕದ ಟೇಬಲ್ಲಿನ ಸಂಸಾರ ಎದ್ದು ಬೇರೆ ಕಡೆ ಹೋಗಿ ಕೂತಿತು.

“ನನ್ನ ದವಡೆಗೋಸ್ಕರ ನೀವಿಬ್ರು ಯಾಕೆ ಕಚ್ಚಾಡ್ತೀರಿ?” ಎಂದಳು ಬಿಕ್ಕೋಡಿನವಳು, ಕೈಗೆ ತಣ್ಣೀರು ಸುರಿಯುತ್ತ. “ನಾಳೆ ಅವರ ಮುಖ ನೋಡ್ತೀನಿ. ಮನಸ್ಸು ಕರಗಿದ್ರೆ ಅಲ್ಲೇ ಉಳೀತೀನಿ. ಇಲ್ಲಾಂದ್ರೆ ನಿಮ್ಮ ಜೊತೆ ಬರ್ತೀನಿ, ಆಮೇಲೆ ಆ ಕಡೆ ತಲೆ ಹಾಕಿ ಕೂಡ ಮಲಗಲ್ಲ.”

ಅವಳ ಮನಸ್ಸು ಕರಗದಿರಲಿ ಎಂದು ನಾನು ಕೇಶವನಿಗೆ ಹರಕೆ ಹೊತ್ತೆ. ಹರಕೆಗೆ ಹರಕೆಯೇ ಮದ್ದು.

ಮರುದಿನ ಹಳ್ಳಿ ಕಾಣುವ ಮೊದಲೇ ತಮಟೆ ಕೇಳಿಸಿತು. ಸುಳ್ಳು ಹೇಳಲಾರೆ, ನನಗೆ ಅದು ಹಿಡಿಸಿತು. ಗುಡಿಯ ಪಕ್ಕ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿಕೊಂಡು ಬಾರಿಸುತ್ತಿದ್ದರು. ಒಂದೊಂದು ಏಟೂ ಪಕ್ಕೆಲುಬಿಗೆ ಬಂದು ತಾಗುತ್ತಿತ್ತು. ಆ ಕಡೆ ಶಾಮಿಯಾನದ ಹಿಂದೆ ಗಂಡಸರು ಕೊರಡಿನ ಮೇಲೆ ಕುರಿಮಾಂಸವನ್ನು ಮಚ್ಚಿನಿಂದ ತುಂಡು ಮಾಡುತ್ತಿದ್ದರು. ತಮಟೆಯ ಏಟು, ಮಚ್ಚಿನ ಏಟು ಎರಡೂ ಸೇರಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಹುರಿದ ಮಸಾಲೆಯ ಘಾಟಿಗೆ ಬ್ಯಾಂಕಿನವಳ ಮೂಗಿನ ಹೊಳ್ಳೆ ಅರಳಿತು. ನಾನು ಅವಳ ಕೈ ಚಿವುಟಿದೆ.

ಗಂಡ ಗುಡಿಯ ಮುಂದೆ ಒದ್ದೆ ಪಂಚೆಯಲ್ಲಿ ನಿಂತಿದ್ದ. ರಾಕ್ಷಸನ ಹಾಗಿರುತ್ತಾನೆ ಎಂದುಕೊಂಡಿದ್ದೆ. ಅಗಲ ಹಣೆಯ, ಸಾಧುಮುಖದ ಮನುಷ್ಯ. ಅದೂ ನನಗೆ ಕೋಪ ತಂದಿತು. ಹೆಂಡತಿಯನ್ನು ಕಂಡು ಎರಡೂ ಕೈ ಜೋಡಿಸಿದ. ಅತ್ತೆ ಓಡಿ ಬಂದು “ಬಂದ್ಯಾ ನನ್ನವ್ವ, ಮನೆ ಕತ್ತಲಾಗಿತ್ತು ಕಣವ್ವ” ಎಂದು ಅವಳನ್ನು ಅಪ್ಪಿಕೊಂಡು ಅತ್ತಳು. ಸುತ್ತ ಇದ್ದ ಹೆಂಗಸರೂ ಅತ್ತರು.

ಪೂಜಾರಿ ಕೆನ್ನೆಗೆ ವಿಭೂತಿ ತಿಕ್ಕಿ, ಚರ್ಮವನ್ನು ಬೆರಳುಗಳಲ್ಲಿ ಹಿಡಿದು ಎಳೆದ. ತಮಟೆ ಏರಿತು. ಸರಳಿನ ತುದಿ ಚರ್ಮವನ್ನು ಒಳಕ್ಕೆ ತಳ್ಳಿ, ಒಂದು ಕ್ಷಣ ತಡೆದು, ಪಕ್ಕನೆ ಒಳಗೆ ಹೋಯಿತು. ಆಮೇಲೆ ಇನ್ನೊಂದು ಕೆನ್ನೆ ಒಳಗಿನಿಂದ ಉಬ್ಬಿತು, ಅಲ್ಲಿಂದ ತುದಿ ಹೊರಬಂತು. ಜನ ‘ಅಮ್ಮಾ’ ಎಂದು ಕೂಗಿದರು. ಒಂದು ತೊಟ್ಟು ರಕ್ತ ಬರಲಿಲ್ಲ. ಅವನ ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು, ಮತ್ತು ಅವನು ಇವಳನ್ನೇ ನೋಡುತ್ತಿದ್ದ. ನನ್ನ ಕೈ ಹಿಡಿದಿದ್ದ ಬಿಕ್ಕೋಡಿನವಳ ಕೈ ಸಡಿಲವಾಯಿತು. ಕರಗುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ಮೆರವಣಿಗೆ ಊರು ಸುತ್ತಲು ಹೊರಟಿತು. ನಾವು ಅದರ ಹಿಂದೆ ಸ್ವಲ್ಪ ದೂರ ಹೋಗಿ ನೋಡುತ್ತೇವೆ, ಬ್ಯಾಂಕಿನವಳಿಲ್ಲ. ನನಗೆ ತಕ್ಷಣ ಹೊಳೆಯಿತು. ತಿರುಗಿ ಶಾಮಿಯಾನದ ಕಡೆ ಓಡಿದೆ.

ಅವಳು ಒಲೆಯ ಪಕ್ಕ ಕುರ್ಚಿಯ ಮೇಲೆ ಕೂತಿದ್ದಳು. ಕೈಯಲ್ಲಿ ಎಲೆಯ ದೊನ್ನೆ, ದೊನ್ನೆಯಲ್ಲಿ ಬಿಸಿ ಸಾರು, ಎರಡು ಚೂರು ಈಲಿ, ಎಂದರೆ ಕುರಿಯ ಲಿವರ್. ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

“ಊಟ ಅಲ್ಲ ಕಣೇ,” ಎಂದಳು ನನ್ನನ್ನು ಕಂಡು ಬೆಚ್ಚಿ. “ಉಪ್ಪು ಖಾರ ನೋಡಿ ಹೇಳಿ ಮೇಡಂ ಅಂದ್ರು. ನೋಡ್ದೆ ಅಷ್ಟೇ. ಉಪ್ಪು ಒಂದು ಚಿಟಿಕೆ ಕಮ್ಮಿ ಇದೆ.”

ಗಂಡನ ದೊಡ್ಡಪ್ಪ ಅಲ್ಲೇ ನಿಂತಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು; ಆ ಊರಿನಲ್ಲಿ ಅವನ ಮಾತೆಂದರೆ ಮಾತು. ಎಲ್ಲರಿಗೂ ಕೇಳುವಂತೆ ಹೇಳಿದ: “ನೋಡ್ರಪ್ಪಾ, ಹೆಣ್ಣಿನ ಕಡೆಯೋರು ನಮ್ಮನೆ ಉಪ್ಪು ಉಂಡವ್ರೆ. ಇನ್ನೇನೈತೆ? ಉಪ್ಪು ತಿಂದ ಮ್ಯಾಲೆ ನೀರು ಕುಡೀಲೇಬೇಕು. ರಾಜಿ ಆಯ್ತು. ಎಲೆ ಹಾಕ್ರಿ, ಗಂಡ ಹೆಂಡ್ತಿ ಅಕ್ಕಪಕ್ಕ ಕೂರ್ಲಿ.”

ಉಪ್ಪು ನೋಡಲು ಅವಳನ್ನೇ ಯಾಕೆ ಕರೆದರು ಎನ್ನುವುದು ಆಗ ಅರ್ಥವಾಯಿತು. ಅವಳ ಮುಖ ಕಂಡರೆ ಸಾಕು, ಊಟಕ್ಕೆ ಸೋಲುವವಳೆಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಯೋಚಿಸಲಿಲ್ಲ. ದೊನ್ನೆಗೆ ಕೈಯಿಂದ ಬೀಸಿ ಹೊಡೆದೆ. ಸಾರು, ಈಲಿ ಎಲ್ಲ ಹಾರಿ ದೊಡ್ಡಪ್ಪನ ಬಿಳಿ ಪಂಚೆಯ ಮೇಲೆ ಬಿತ್ತು.

“ಏನ್ ಟೀಚರಮ್ಮ, ಗರ ಗಿರ ಬಡಿದೈತಾ ನಿಮಗೆ?” ಎಂದು ಅವನು ಕೂಗಿದ. ಮಾಂಸ ಕತ್ತರಿಸುತ್ತಿದ್ದವನು ಮಚ್ಚು ಹಿಡಿದೇ ಎದ್ದು ನಿಂತ. ಇಬ್ಬರು ಹೆಂಗಸರು ನನ್ನ ರಟ್ಟೆ ಹಿಡಿದು ಎಳೆದರು, ನಾನೂ ಎಳೆದೆ, ಒಬ್ಬಳ ಬಳೆ ಒಡೆದು ನನ್ನ ಮಣಿಕಟ್ಟು ಕೊಯ್ಯಿತು. ಬ್ಯಾಂಕಿನವಳು “ಅಯ್ಯೋ ನಾನು ಉಗುಳ್ತೀನಿ, ಉಗುಳ್ತೀನಿ” ಎಂದು ಅಳುತ್ತಿದ್ದಳು. ಅಷ್ಟರಲ್ಲಿ ತಮಟೆ ಹತ್ತಿರವಾಯಿತು, ಮೆರವಣಿಗೆ ತಿರುಗಿ ಗುಡಿಗೆ ಬಂದಿತ್ತು. ಎಲ್ಲರೂ ನನ್ನನ್ನು ಬಿಟ್ಟು ಅತ್ತ ಹೋದರು. ದೊಡ್ಡಪ್ಪ ಸಾರು ಬಿದ್ದ ಪಂಚೆಯಲ್ಲೇ ಗಂಡನ ಪಕ್ಕ ಹೋಗಿ, ನನ್ನ ಕಡೆ ಕೈತೋರಿಸಿ ಅವನ ಕಿವಿಯಲ್ಲಿ ಏನೋ ಹೇಳಿದ.

ಸರಳು ತೆಗೆದ ಮೇಲೆ ಹೆಂಡತಿ ಚೊಂಬಿನಲ್ಲಿ ನೀರು ಕೊಡಬೇಕು. ಆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅವನು ಮೊದಲ ಮಾತಾಡುತ್ತಾನೆ. ಪೂಜಾರಿ ಒಂದೇ ಎಳೆತಕ್ಕೆ ಸರಳು ಹೊರತೆಗೆದು ಎರಡೂ ಕೆನ್ನೆಗೆ ವಿಭೂತಿ ಒತ್ತಿದ. ತಮಟೆ ನಿಂತಿತು. ಅತ್ತೆ ಚೊಂಬನ್ನು ಸೊಸೆಯ ಕೈಗೆ ಕೊಟ್ಟಳು. ಅವಳು ತೆಗೆದುಕೊಂಡಳು. ಅವನ ಕಡೆಗೆ ನಡೆದಳು. ನಾನು ಜನರನ್ನು ನೂಕಿಕೊಂಡು ಅವಳ ಪಕ್ಕಕ್ಕೆ ಬಂದು ಸೇರುವ ಹೊತ್ತಿಗೆ ಅವನು ನೀರು ಮುಕ್ಕಳಿಸಿ ಉಗಿದಿದ್ದ. ನೀರು ತುಸು ಕೆಂಪಾಗಿತ್ತು. ಅವಳು ಸೆರಗಿನ ತುದಿಯಿಂದ ಅವನ ಗಲ್ಲ ಒರೆಸಲು ಕೈ ಎತ್ತಿದಳು. ಮುಗಿಯಿತು, ಇವಳು ಇಲ್ಲೇ ಉಳಿದಳು ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವಳನ್ನು ನಾನು ತಪ್ಪೆನ್ನಲಾರದೆ ಹೋದೆ.

ಅವನು ಬಾಯಿ ತೆರೆದ. ಹತ್ತಿರ ಇದ್ದವರಿಗಷ್ಟೇ ಕೇಳುವಂತೆ, ತುಟಿ ಹೆಚ್ಚು ಅಲುಗಿಸದೆ ಹೇಳಿದ: “ಪಟ್ಟಣದ ಹಾದರಗಿತ್ತೀರನ್ನ ಕಟ್ಕೊಂಡು ಬಂದು ದೊಡ್ಡಪ್ಪನ ಮಾನ ಕಳೀತೀಯಾ? ಮನೆಗೆ ನಡಿ, ಐತೆ ನಿಂಗೆ.”

ಅವಳ ಕೈ ಗಾಳಿಯಲ್ಲೇ ನಿಂತಿತು.

“ಗಟ್ಟಿಯಾಗಿ ಹೇಳ್ರೀ,” ಎಂದೆ ನಾನು. “ಇಷ್ಟು ಜನ ಇದ್ದಾರೆ, ಎಲ್ಲರಿಗೂ ಕೇಳಿಸಲಿ. ಸರಳು ಚುಚ್ಚಿಸಿಕೊಂಡು ಬಂದು ಆಡೋ ಮೊದಲ ಮಾತು ಇದೇನಾ?”

ಅವನ ಕೈ ಎದ್ದದ್ದು ನಾನು ನೋಡಲಿಲ್ಲ. ಕಿವಿಯೊಳಗೆ ಏನೋ ಸಿಡಿಯಿತು, ಕಣ್ಣ ಮುಂದೆ ಬೆಳ್ಳಗಾಯಿತು, ಮತ್ತೆ ನೋಡಿದಾಗ ನಾನು ನೆಲದ ಮೇಲಿದ್ದೆ. ನನ್ನ ಅಪ್ಪ ಹೊಡೆದವನಲ್ಲ, ಗಂಡ ಹೊಡೆದವನಲ್ಲ. ದೊಡ್ಡವಳಾದ ಮೇಲೆ ಅದು ನನಗೆ ಬಿದ್ದ ಮೊದಲ ಏಟು. ನೋವಿಗಿಂತ ಮೊದಲು ನನಗೆ ತಿಳಿದದ್ದು ಇಷ್ಟು: ಆ ಕೈಗೆ ಅಭ್ಯಾಸವಿತ್ತು. ಎಲ್ಲಿ ಬಿದ್ದರೆ ಮನುಷ್ಯ ಕೆಳಗೆ ಬೀಳುತ್ತಾನೆ ಎಂದು ಅದಕ್ಕೆ ಗೊತ್ತಿತ್ತು.

ಆಮೇಲೆ ದೊಡ್ಡಪ್ಪ ಮುಂದೆ ಬಂದು ಕೈ ಎತ್ತಿದ. “ಯಾರೂ ತಪ್ಪು ತಿಳ್ಕಾಬ್ಯಾಡಿ. ಅಮ್ಮ ಇನ್ನೂ ಮೈಮ್ಯಾಲಿಂದ ಇಳಿದಿಲ್ಲ. ಅವನಲ್ಲ ಹೊಡೆದಿದ್ದು, ದೇವ್ರು.”

ಜನಕ್ಕೆ ಉಸಿರು ಬಂದಂತಾಯಿತು. ಕೆಲವರು ಕೈಮುಗಿದರು. ಅತ್ತೆ ನನ್ನ ಹತ್ತಿರ ಬಗ್ಗಿ “ಅಮ್ಮನ ಪ್ರಸಾದ ಅಂದ್ಕೊಳ್ಳಿ ತಾಯಿ” ಎಂದಳು. ಅವನು ತಲೆ ತಗ್ಗಿಸಿ ನಿಂತ, ಸಾಧುಮುಖ ಮಾಡಿಕೊಂಡು.

ಬಿಕ್ಕೋಡಿನವಳು ಚೊಂಬನ್ನು ಗುಡಿಯ ಕಟ್ಟೆಯ ಮೇಲೆ ಇಟ್ಟಳು. ಜೋರಾಗಿ ಮಾತಾಡುವವಳಲ್ಲ, ಅವತ್ತೂ ಜೋರಾಗಿ ಮಾತಾಡಲಿಲ್ಲ.

“ಹಂಗಾದ್ರೆ ದೇವ್ರು ನಮ್ಮನೆಗೆ ದಿನಾ ಬತ್ತಿತ್ತು ದೊಡ್ಡಪ್ಪ,” ಎಂದಳು.

ನನ್ನನ್ನು ಎಬ್ಬಿಸಿ, ಬ್ಯಾಂಕಿನವಳನ್ನು ಕೈಹಿಡಿದು ಎಳೆದುಕೊಂಡು ರಸ್ತೆಗೆ ಬಂದಳು. ಅಣ್ಣ ಅಡ್ಡ ಬಂದ. ಅವನನ್ನು ಸರಿಸಿದಳು. ನೆಂಟರನ್ನು ಇಳಿಸಿ ಖಾಲಿ ಹೊರಟಿದ್ದ ಆಟೋ ಸಿಕ್ಕಿತು, ಅರಸೀಕೆರೆ ಎಂದೆವು. ಹಿಂದಿನಿಂದ ಒಂದು ಕಲ್ಲು ಬಂದು ಆಟೋದ ಟಾಪಿಗೆ ಬಡಿಯಿತು. ಯಾರು ಎಸೆದರೆಂದು ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಮಟೆ ಮತ್ತೆ ಶುರುವಾದದ್ದು ಕೇಳಿಸಿತು.

ಆಟೋದಲ್ಲಿ ಅವಳು ನನ್ನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಎರಡೂ ಹೆಬ್ಬೆರಳನ್ನು ನನ್ನ ಕಿವಿಯ ಕೆಳಗಿಟ್ಟು ಮೆಲ್ಲಗೆ ಒತ್ತಿದಳು.

“ಬಾಯಿ ತೆಗಿ. ಇನ್ನೂ ಅಗಲ. ಮುಚ್ಚು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರ್ತಾ ಇದೆಯಾ?”

ತಲೆಯಾಡಿಸಿದೆ.

“ಹಂಗಾದ್ರೆ ಮುರಿದಿಲ್ಲ. ಮುರಿದಿದ್ರೆ ಕೂರಲ್ಲ. ಇವತ್ತು ಅಷ್ಟು ಗೊತ್ತಾಗಲ್ಲ, ನಾಳೆ ಬೆಳಿಗ್ಗೆ ಬಾತ್ಕೊಂಡಿರುತ್ತೆ. ಎದ್ದ ತಕ್ಷಣ ಜೋರಾಗಿ ಆಕಳಿಸಬೇಡ. ಮಲಗುವಾಗ ಆ ಮಗ್ಗುಲಿಗೆ ಮಲಗಬೇಡ. ಎರಡು ದಿನ ಗಂಜಿ ಕುಡಿ. ಹೊರಗೆ ಹೋಗೋದಿದ್ರೆ ಸೆರಗು ಈ ಕಡೆಯಿಂದ ಹೊದ್ಕೋ. ಯಾರಾದ್ರೂ ಕೇಳಿದ್ರೆ ಹಲ್ಲುನೋವು ಅನ್ನು, ನಂಬ್ತಾರೆ.”

ಬ್ಯಾಂಕಿನವಳು ಅಳು ನಿಲ್ಲಿಸಿ ಅವಳನ್ನು ನೋಡಿದಳು. ನಾನೂ ನೋಡಿದೆ. ಹೊರಡುವ ಹಿಂದಿನ ದಿನ ಫೋನು ಮಾಡಿ ‘ಹಲ್ಲುನೋವು ಕಣ್ರೇ, ಈ ಸಲ ನೀವಿಬ್ಬರೇ ಹೋಗಿಬನ್ನಿ’ ಎಂದು ಅವಳು ತಪ್ಪಿಸಿಕೊಂಡ ಪ್ರವಾಸಗಳು ಒಂದೊಂದಾಗಿ ನೆನಪಾದವು. ಒಳ್ಳೆಯ ಡೆಂಟಿಸ್ಟಿಗೆ ತೋರಿಸೇ ಎಂದು ಬೈದು, ನಾವಿಬ್ಬರೇ ಹೋಗಿ, ನೋಡಿ, ಕೇಳಿ, ಉಂಡು ಬಂದಿದ್ದೆವು. ನಂಬಿದವರು ನಾವೇ.